ಫ್ರಿಜ್‌ನಲ್ಲಿಟ್ಟ ಆ ಬಾಟಲಿ

ಕೂಸೇ,

ನಿನ್ನ ಪತ್ರ ಬಂದು ನಾಲ್ಕು ದಿನ ಆಯಿತು. ಒಂದು ಸಾಲು ಬಿಟ್ಟೂಬಿಡದೆ ಕಾಡುತ್ತಿದೆ. ಪಾಪುವಿನ ಶೀತಕ್ಕೆ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ಸಿರಪ್ ತಂದು ಎರಡು ದಿನ ಹಾಕಿದೆ, ಜ್ವರ ಬಿಟ್ಟಿತು, ಮತ್ತೆ ಬಂದರೆ ಅಂತ ಭಯ, ಅದಕ್ಕೇ ಉಳಿದದ್ದನ್ನು ಫ್ರಿಜ್‌ನಲ್ಲಿ ಎತ್ತಿಟ್ಟಿದ್ದೇನೆ ಅಂತ ಬರೆದಿದ್ದೀಯಲ್ಲ, ಅದು.

ಶೀತ, ಸಿಂಬಳ ಬರುವುದು ವೈರಸ್‌ನಿಂದ. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ. ವೈರಸ್‌ಗೆ ಅದು ತಾಗುವುದೇ ಇಲ್ಲ. ಜ್ವರ ತಾನಾಗಿಯೇ ಬಿಡುವ ಹೊತ್ತಿಗೆ ನೀನು ಸಿರಪ್ ಹಾಕಿರಬೇಕು, ಹೆಸರು ಸಿರಪ್‌ಗೆ ಬಂತು.

ನಮ್ಮ ಕಡೆಯ ಜ್ವರಗಳೂ ಮೊದಲೆರಡು ದಿನ ಒಂದೇ ಥರ ಕಾಣುತ್ತವೆ. ಮಂಗನ ಕಾಯಿಲೆಗೂ ತಲೆನೋವು, ಮೈಕೈ ನೋವು, ಇಲಿ ಜ್ವರಕ್ಕೂ ಅದೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಹತ್ತಿರ ಪತ್ತೆಯಾದ ಮಂಗನ ಕಾಯಿಲೆ ವೈರಸ್‌ನದು, ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ, ಆಸ್ಪತ್ರೆಯಲ್ಲಿ ಮಲಗಿಸಿ ಆರೈಕೆ ಮಾಡಬೇಕು. ಇಲಿ ಜ್ವರ ಬ್ಯಾಕ್ಟೀರಿಯಾದ್ದು. ಅದಕ್ಕೆ ಆಂಟಿಬಯೋಟಿಕ್ ಬೇಕೇ ಬೇಕು, ಅದೂ ಬೇಗ ಬೀಳಬೇಕು. ಮನೆಯಲ್ಲಿ ಹಣೆ ಮುಟ್ಟಿ ನೋಡಿ ಯಾವುದು ಅಂತ ಹೇಗೆ ಹೇಳುತ್ತೀ?

ನಿನ್ನ ದೊಡ್ಡಪ್ಪನಿಗೆ ಆ ಮಳೆಗಾಲದಲ್ಲಿ ಇಲಿ ಜ್ವರ ಬಂದ ಕಥೆ ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ನಾಟಿ ಮುಗಿಸಿ ಬಂದವರಿಗೆ ಜ್ವರ ಬಂದಾಗ, ನನ್ನ ಹಲ್ಲುನೋವಿಗೆ ತಂದು ಉಳಿದಿದ್ದ ನಾಲ್ಕು ಆಂಟಿಬಯೋಟಿಕ್ ಕ್ಯಾಪ್ಸೂಲ್ ಇತ್ತು. ಕೊಟ್ಟೆ. ಜ್ವರ ಇಳಿಯಿತು. ಘಟ್ಟದ ಮಳೆಯಲ್ಲಿ ಯಾಕೆ ಸುಮ್ನೆ ಆಸ್ಪತ್ರೆಗೆ ಅಂತ ನಾನೇ ಬೇಡ ಅಂದೆ. ಮೂರನೇ ದಿನ ಕಣ್ಣು ಹಳದಿಯಾಯಿತು, ಮೂತ್ರ ನಿಂತಿತು. ಮಾತ್ರೆ ಏನಾದರೂ ಕೊಟ್ಟಿದ್ದಿರಾ ಅಂತ ಡಾಕ್ಟರು ಕೇಳಿದಾಗ ಇಲ್ಲ ಅಂದುಬಿಟ್ಟೆ. ಇಲಿ ಜ್ವರ ನಡುವೆ ತಾನಾಗಿಯೇ ಇಳಿದು ಮತ್ತೆ ಏರುವುದುಂಟು ಅಂತ ಆಮೇಲೆ ತಿಳಿಯಿತು. ನಾಲ್ಕು ಕ್ಯಾಪ್ಸೂಲ್ ಆ ಕಾಯಿಲೆಗೆ ಸಾಲುವುದೂ ಇಲ್ಲ. ನನ್ನ ಕೈಯಿಂದ ಹೋದದ್ದು ಆ ಮೂರು ದಿನ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಅದಕ್ಕೇ ಆ ಬಾಟಲಿ ನೆನೆದರೆ ನಿದ್ದೆ ಬರುವುದಿಲ್ಲ. ನೀರು ಬೆರೆಸಿದ ಸಿರಪ್ ಒಂದೆರಡು ವಾರಕ್ಕೆ ಕೆಡುತ್ತದೆ ಕೂಡ. ನಾನು ಡಾಕ್ಟರಲ್ಲ, ಜಾಸ್ತಿ ಹೇಳಲು ಸಂಕೋಚ. ಮೂಗು ಕಟ್ಟಿದರೆ ಉಪ್ಪುನೀರಿನ ಡ್ರಾಪ್ಸ್ ಹಾಕು, ಆಗಾಗ ಹಾಲು ಕುಡಿಸು. ಉಸಿರು ಜೋರಾದರೆ, ಪಾಪು ಹಾಲು ಬಿಟ್ಟು ಮಂಕಾಗಿ ಮಲಗಿದರೆ ರಾತ್ರಿಯಾದರೂ ಕರೆದುಕೊಂಡು ಹೋಗು. ನ್ಯುಮೋನಿಯಾ ಅಂತ ಡಾಕ್ಟರು ಆಂಟಿಬಯೋಟಿಕ್ ಬರೆದರೆ ಹೆದರಬೇಡ, ಅವರು ಹೇಳಿದಷ್ಟು ದಿನ ಕೊಡು, ನಡುವೆ ಬಿಡಬೇಡ. ಮೊದಲೇನಾದರೂ ಕೊಟ್ಟಿದ್ದರೆ ಮುಚ್ಚಿಡದೆ ಹೇಳು. ನನ್ನ ಹಾಗೆ ಮಾಡಬೇಡ ಕೂಸೇ.

ಬಾಟಲಿ ಇನ್ನೂ ಅಲ್ಲೇ ಇದೆಯಾ? ಈ ಪತ್ರ ಸಿಕ್ಕಿದ ದಿನವೇ ಒಂದು ಫೋನ್ ಮಾಡು.

ನಿನ್ನ ದೊಡ್ಡಮ್ಮ
ತೀರ್ಥಹಳ್ಳಿ