ನಮ್ಮ ಆಸ್ಪತ್ರೆ ಪಟ್ಟಿಯಲ್ಲಿ ಇನ್ನು ಸ್ಟಾರ್ ಇರುವುದಿಲ್ಲ

ಆತ್ಮೀಯ ಸದಸ್ಯರೇ,

ಮುಂದಿನ ತಿಂಗಳಿಂದ ನಮ್ಮ ಸಹಕಾರ ಸಂಘದ ಡಾಕ್ಟರ್ ಮತ್ತು ಆಸ್ಪತ್ರೆಗಳ ಪಟ್ಟಿಯಲ್ಲಿ ಹೆಸರಿನ ಮುಂದೆ ಸ್ಟಾರ್ ಕಾಣುವುದಿಲ್ಲ. ನೀವು ಬರೆದ ಅನುಭವಗಳು ಹಾಗೇ ಇರುತ್ತವೆ. ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಕೊಡುವುದನ್ನು ಮಾತ್ರ ನಿಲ್ಲಿಸುತ್ತಿದ್ದೇವೆ.

ಕಾರಣ ಇಷ್ಟೇ. ‘ಡಾಕ್ಟರ್ ಸಮಾಧಾನವಾಗಿ ಮಾತಾಡಿದರು, ವಾರ್ಡ್ ಚೊಕ್ಕಟವಾಗಿದೆ’ ಎಂದವರು ಐದು ಸ್ಟಾರ್ ಕೊಡುತ್ತಾರೆ. ‘ಎರಡು ಗಂಟೆ ಕಾಯಿಸಿದರು’ ಎಂದವರು ಒಂದು ಕೊಡುತ್ತಾರೆ. ಎರಡೂ ನಿಜವೇ, ಎರಡೂ ಬೇಕಾದ ಮಾತೇ. ಆದರೆ ಹೊಲಿಗೆ ಹಾಕಿದ ಜಾಗದಲ್ಲಿ ಕೀವಾಯಿತಾ? ಮನೆಗೆ ಹೋದ ಮೇಲೆ ಮತ್ತೆ ಅಡ್ಮಿಟ್ ಆಗಬೇಕಾಯಿತಾ? ಆ ಆಪರೇಷನ್ ನಿಜವಾಗಿ ಬೇಕಿತ್ತಾ? ಸ್ಟಾರ್ ನೋಡಿದರೆ ಇದು ತಿಳಿಯುವುದಿಲ್ಲ. ಕೊನೆಯ ಪ್ರಶ್ನೆಗಂತೂ ಚಿಕಿತ್ಸೆ ಮುಗಿದ ಮೇಲೂ ರೋಗಿಗೆ ಉತ್ತರ ಸಿಗುವುದು ಕಷ್ಟ. ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಇದನ್ನು ಎತ್ತಿ ತೋರಿಸಿದ್ದರು. ಚಿಕಿತ್ಸೆಯ ಬಗ್ಗೆ ಡಾಕ್ಟರಿಗೆ ಗೊತ್ತಿರುವಷ್ಟು ರೋಗಿಗೆ ಗೊತ್ತಿರುವುದಿಲ್ಲ, ಹಾಗಾಗಿ ಬೇರೆ ಸರಕಿನಂತೆ ಇದನ್ನು ಪರೀಕ್ಷೆ ಮಾಡಿ ಕೊಳ್ಳಲು ಆಗುವುದಿಲ್ಲ.

ನಮಗೆ ತುಂಬಾ ಬೇಸರ ತಂದ ವಿಷಯ ಇನ್ನೊಂದು. ವೈರಸ್‌ನಿಂದ ಬಂದ ನೆಗಡಿಗೆ ಆಂಟಿಬಯೋಟಿಕ್ ಬೇಡ ಎಂದ ಡಾಕ್ಟರಿಗೆ ಸ್ಟಾರ್ ಕಡಿಮೆ ಬೀಳುತ್ತಿತ್ತು. ವೈರಸ್ ಮೇಲೆ ಆ ಔಷಧಿ ಕೆಲಸ ಮಾಡುವುದಿಲ್ಲ, ಹಾಗಾಗಿ ಅವರು ಮಾಡಿದ್ದೇ ಸರಿ ಅಲ್ವಾ?

ಹಾಗಂತ ಸುಮ್ನೆ ಅಂಕಿ ಅಂಶ ಅಚ್ಚು ಹಾಕಿದರೂ ಸಾಲದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೃದಯದ ಬೈಪಾಸ್ ಆಪರೇಷನ್‌ಗಳಲ್ಲಿ ಎಷ್ಟು ಸಾವಾಗುತ್ತದೆ ಎಂದು ಪ್ರತಿ ಆಸ್ಪತ್ರೆಯ, ಪ್ರತಿ ಸರ್ಜನ್ನರ ಲೆಕ್ಕ ಪ್ರಕಟವಾಗುತ್ತಿತ್ತು. 1998ರ ಒಂದು ಅಧ್ಯಯನ ಬೈಪಾಸ್ ಆದವರನ್ನೇ ವಿಚಾರಿಸಿತು. ಆಪರೇಷನ್‌ಗೆ ಮೊದಲು ಆ ಪ್ರಕಟಣೆ ಇದೆ ಎಂದು ಗೊತ್ತಿದ್ದವರು ಶೇ. 12 ಮಾತ್ರ. ಕಾಯಿಲೆ ಬಂದಾಗ ಯಾರೂ ಕೂತು ಅಂಕಿ ಹುಡುಕುವುದಿಲ್ಲ. ಪರಿಚಯದ ಡಾಕ್ಟರ್ ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗುವವರೇ ಜಾಸ್ತಿ.

ಅದಕ್ಕೇ ಹೊಸ ಪಟ್ಟಿಯ ಜೊತೆ ಒಂದು ಹಾಳೆ ಕಳಿಸುತ್ತಿದ್ದೇವೆ. ಡಾಕ್ಟರ್ ಮುಂದೆ ಕೂತಾಗ ಕೇಳಬೇಕಾದ ಮಾತುಗಳು ಅದರಲ್ಲಿವೆ. ಈ ಆಪರೇಷನ್ನನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಮಾಡಿಸದಿದ್ದರೆ ಏನಾಗುತ್ತದೆ? ಬೇರೆ ದಾರಿ ಇದೆಯಾ? ಮೊದಲ ಪ್ರಶ್ನೆಯನ್ನು ಸಂಕೋಚ ಪಡದೆ ಕೇಳಿ. ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್), ಅನ್ನನಾಳದಂಥ ದೊಡ್ಡ ಆಪರೇಷನ್‌ಗಳಲ್ಲಿ, ಅದನ್ನೇ ಹೆಚ್ಚು ಮಾಡುವ ಕಡೆ ಸಾವು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ವರ್ಷಕ್ಕೆ ಎಷ್ಟು ಆಪರೇಷನ್ ಮಾಡುತ್ತಾರೆ ಎಂಬ ಸಂಖ್ಯೆಯನ್ನು ಪಟ್ಟಿಯಲ್ಲೂ ಹಾಕುತ್ತೇವೆ. ಕೊಡಲು ಒಪ್ಪದ ಆಸ್ಪತ್ರೆಯ ಹೆಸರಿನ ಮುಂದೆ ‘ಕೊಟ್ಟಿಲ್ಲ’ ಎಂದೇ ಇರುತ್ತದೆ.

ಆದರೆ ಸಾವಿನ ಲೆಕ್ಕ ನೋಡಿ ಆಸ್ಪತ್ರೆಗಳನ್ನು ಮೇಲೆ ಕೆಳಗೆ ಜೋಡಿಸುವುದಿಲ್ಲ. ಬೇರೆಯವರು ವಾಪಸ್ ಕಳಿಸಿದ ಗಂಭೀರ ರೋಗಿಗಳನ್ನು ಸೇರಿಸಿಕೊಳ್ಳುವ ಕಡೆ ಸಾವು ಹೆಚ್ಚಾಗಿ ಕಾಣುವುದು ಸಹಜ.

ಎದೆನೋವು ಬಂದರೆ, ಇದ್ದಕ್ಕಿದ್ದಂತೆ ಮಾತು ತೊದಲಿದರೆ ಪಟ್ಟಿ ತೆಗೆಯಲೇ ಬೇಡಿ. ತಕ್ಷಣ ಆಂಬುಲೆನ್ಸ್ ಕರೆಸಿ.

ಹಾಳೆಯಲ್ಲಿ ಇನ್ನೇನು ಸೇರಬೇಕು ಅನ್ನಿಸಿದರೆ ಅದರ ಹಿಂದೆಯೇ ಬರೆದು ಕಳಿಸಿ. ಮುಂದಿನ ಮುದ್ರಣಕ್ಕೆ ಮೊದಲು ಎಲ್ಲವನ್ನೂ ಓದುತ್ತೇವೆ.

ಇಂತಿ,
ಪಟ್ಟಿ ಸಿದ್ಧಪಡಿಸುವ ಬಳಗ