ಕೈ ನಿಂತ ಪುಟಗಳು

ತುಮಕೂರು

ಗೆಳೆಯಾ,

ರಿಟೈರಾಗಿ ವರ್ಷವಾಯಿತಲ್ಲ, ಮನೇಲಿ ಕೂತು ಏನು ಕಡಿದು ಗುಡ್ಡೆ ಹಾಕಿದೆ ಅಂತ ಮೊನ್ನೆ ನೀನು ಫೋನಿನಲ್ಲಿ ಕೇಳಿದೆ. ಓದಿದೆ, ಕಡ್ಡಿ ಹಿಡಿದು ಸ್ವೆಟರ್ ಹೆಣೆದೆ ಅಂದೆ ನಾನು. ಓದಿದ್ದಕ್ಕೆ ಒಂದು ‘ಹೂಂ’ ಬಂತು, ಹೆಣೆದದ್ದಕ್ಕೆ ನಗು. ನಗು, ಪರವಾಗಿಲ್ಲ. ನಮ್ಮ ಬೀದಿಯಲ್ಲಿ ನಿನಗಿಂತ ಮೊದಲೇ ನಕ್ಕು ಸುಸ್ತಾದವರಿದ್ದಾರೆ. ಆದರೆ ಎರಡನ್ನೂ ಒಟ್ಟಿಗೆ ಮಾಡಿದ್ದರಿಂದ ನನ್ನ ಕೈಗೊಂದು ಅಳತೆಗೋಲು ಸಿಕ್ಕಿದೆ. ಅದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಅದಕ್ಕೇ ಈ ಕಾಗದ. ಎಲ್ಲರೂ ಓದುವ ಕಡೆಯೇ ಹಾಕಿದ್ದೇನೆ. ನಗುವವರೆಲ್ಲ ಒಟ್ಟಿಗೆ ನಕ್ಕು ಮುಗಿಸಲಿ.

ಮನೆಯವಳಿಗೆ ಇನ್ನೂ ಸರ್ವೀಸ್ ಇದೆ. ಅವಳು ಸ್ಕೂಲಿಗೆ ಹೊರಟು, ಪೇಪರಿನ ಪದಬಂಧವೂ ಮುಗಿದ ಮೇಲೆ ಹಗಲು ಎಷ್ಟು ಉದ್ದ ಅನ್ನೋದು ಡ್ಯೂಟಿಗೆ ಹೋಗುವವರಿಗೆ ಗೊತ್ತಾಗುವುದಿಲ್ಲ. ಹೆಣಿಗೆ ಕಲಿಸಿದವರು ಎದುರುಮನೆ ಅಜ್ಜಿ. ಅವರ ಮೊದಲ ಪಾಠವೇ ತಲೆಕೆಳಗು: ಕಡ್ಡಿಯ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಎಂಟನೇ ನಂಬರ್ ಅಂದರೆ 4 ಮಿಲಿಮೀಟರ್ ದಪ್ಪ, ಹತ್ತನೇ ನಂಬರ್ ಅಂದರೆ ಮೂರೂಕಾಲು. ಇಂಗ್ಲಿಷರು ಬಿಟ್ಟುಹೋದ ಲೆಕ್ಕ, ಅವರ ದೇಶದಲ್ಲಿ ಈಗ ಮಿಲಿಮೀಟರಿನಲ್ಲೇ ಕಡ್ಡಿ ಮಾರುತ್ತಾರೆ, ನಮ್ಮ ಚಿಕ್ಕಪೇಟೆಯಲ್ಲಿ ಮಾತ್ರ ಇನ್ನೂ ನಂಬರ್ ಹೇಳಬೇಕು. ಉಲ್ಲನ್ ಅಂತ ಕೊಟ್ಟ ಉಂಡೆಯ ಚೀಟಿ ಓದಿದರೆ ಅಕ್ರಿಲಿಕ್. ಬಂದದ್ದು ಲೂಧಿಯಾನದಿಂದ, ಹುಟ್ಟಿದ್ದು ಪೆಟ್ರೋಲಿಯಂನಿಂದ. ಕುರಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ಇಡೀ ವಿದ್ಯೆಯಲ್ಲಿರುವುದು ಎರಡೇ ಹೆಣಿಗೆ, ಸೀದಾ ಮತ್ತು ಉಲ್ಟಾ. ಕುಣಿಕೆಯೊಳಗೆ ಕಡ್ಡಿ ತೂರಿಸು, ನೂಲು ಸುತ್ತು, ಹೊಸ ಕುಣಿಕೆಯನ್ನು ಎಳೆದುಕೋ, ಹಳೆಯದನ್ನು ಜಾರಿಸು. ನೂಲನ್ನು ಮುಂದಕ್ಕೆ ತಂದುಕೊಂಡು ಇದನ್ನೇ ಆಚೆಯಿಂದ ಮಾಡಿದರೆ ಉಲ್ಟಾ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕುತ್ತ ಹೋದರೆ ಅಂಗಡಿ ಸ್ವೆಟರಿನಂತೆ ನುಣ್ಣಗೆ ಬರುತ್ತೆ, ಆದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತೆ. ಎರಡೂ ಮುಖದ ಬಿಗಿ ಒಂದೇ ಇಲ್ಲವಲ್ಲ, ಇಸ್ತ್ರಿ ಹಾಕಿದರೂ ಪೂರ್ತಿ ಬಗ್ಗುವುದಿಲ್ಲ. ಎಲ್ಲ ಸಾಲನ್ನೂ ಸೀದಾ ಹಾಕಿದರೆ ನೋಡಲಿಕ್ಕೆ ಒರಟು, ಆದರೆ ಚಪ್ಪಟೆಯಾಗಿ ಬಿದ್ದಿರುತ್ತೆ. ನನಗೆ ಬೇಕಾಗಿದ್ದು ಈ ಒರಟು ಹೆಣಿಗೆಯೇ. ಕಣ್ಣು ಬೇಡ, ಲೆಕ್ಕ ಬೇಡ, ಬೆರಳಿಗೆ ತಾನಾಗಿ ಗೊತ್ತಿರುತ್ತೆ. ಕಣ್ಣು ಖಾಲಿಯಾಯಿತಲ್ಲ, ಅಲ್ಲಿಗೆ ಪುಸ್ತಕ ಬಂತು.

ಅಪ್ಪ ಶ್ರಾವಣದಲ್ಲಿ ಜೈಮಿನಿ ಭಾರತ ಓದಲಿಕ್ಕೆ ಇಟ್ಟುಕೊಂಡಿದ್ದ ವ್ಯಾಸಪೀಠ ಅಟ್ಟದ ಮೇಲಿತ್ತು. ಇಳಿಸಿ ಒರೆಸಿದೆ. ಪುಟ ಮಗುಚದಂತೆ ಎರಡೂ ಕಡೆ ಬಟ್ಟೆ ಕ್ಲಿಪ್ಪು. ಅಪ್ಪ ನೋಡಿದ್ದರೆ ಕ್ಲಿಪ್ಪಿಗೇ ಬೈಯುತ್ತಿದ್ದರು, ಹೆಣಿಗೆಗಲ್ಲ.

ಈಗ ಅಳತೆಯ ವಿಷಯ. ಪುಸ್ತಕ ಸಪ್ಪೆಯಾಗಿದ್ದರೆ ಕೈ ಜೋರಾಗಿ ಓಡುತ್ತೆ. ಹೋದ ಮಳೆಗಾಲದಲ್ಲಿ ಎಲ್ಲರೂ ಹೊಗಳಿದ ಒಂದು ದಪ್ಪ ಕಾದಂಬರಿ ಓದಿದೆ, ಹೆಸರು ಬೇಡ. ಅದು ಮುಗಿಯುವಷ್ಟರಲ್ಲಿ ಸ್ವೆಟರಿನ ಬೆನ್ನು ಮುಗಿದು ಒಂದು ತೋಳೂ ಅರ್ಧಕ್ಕೆ ಬಂದಿತ್ತು. ಪುಸ್ತಕ ಚೆನ್ನಾಗಿದ್ದರೆ ಕೈ ನಿಧಾನ. ಇನ್ನು ಕೆಲವು ಪುಟಗಳಲ್ಲಿ ಕೈ ನಿಂತೇಬಿಡುತ್ತೆ, ಕಡ್ಡಿ ಕುಣಿಕೆಯೊಳಗೆ ಅರ್ಧ ತೂರಿರುತ್ತೆ, ನೂಲು ಬೆರಳಿಗೆ ಸುತ್ತಿರುತ್ತೆ, ನಿಂತಿದ್ದು ನನಗೇ ಗೊತ್ತಾಗಿರುವುದಿಲ್ಲ. ಎಷ್ಟೋ ವರ್ಷ ವಿಮರ್ಶೆ ಓದಿಕೊಂಡು ಪುಸ್ತಕ ಕೊಂಡವನು ನಾನು. ನನ್ನ ಕೈ ಯಾವ ವಿಮರ್ಶೆಯನ್ನೂ ಓದಿಲ್ಲ, ಅದಕ್ಕೇ ಅದರ ಮೇಲೆ ನನಗೆ ನಂಬಿಕೆ.

‘ಮಲೆಗಳಲ್ಲಿ ಮದುಮಗಳು’ ಈಗ ಮತ್ತೆ ಓದಿದೆ. 1967ರ ಪುಸ್ತಕ, ಕಾಲೇಜಿನಲ್ಲಿ ನಾವಿಬ್ಬರೂ ಓದಿ ಅದರ ಬಗ್ಗೆ ಭಾಷಣ ಬಿಗಿದವರೇ. ಆಗ ದೊಡ್ಡ ದೊಡ್ಡ ಮಾತು ಆಡಿದೆವು, ಅದರಲ್ಲಿ ಬರುವ ಗುತ್ತಿಯ ನಾಯಿ ಹುಲಿಯನ ಬಗ್ಗೆ ಒಂದು ಮಾತೂ ಆಡಲಿಲ್ಲ ನೋಡು. ಆ ನಾಯಿ ತುಂಬಿದ ತುಂಗೆಯಲ್ಲಿ ಕೊಚ್ಚಿಹೋಗುವ ಕಡೆ ಈ ಸಲ ನನ್ನ ಕೈ ನಿಂತಿತು. ಬಹಳ ಹೊತ್ತು ನಿಂತಿತು. ಮಾಸ್ತಿ ಬೇರೆ ಥರ. ‘ಚಿಕವೀರ ರಾಜೇಂದ್ರ’ ಓದುವಾಗ ಕೈ ನಿಲ್ಲಲೇ ಇಲ್ಲ. 1834ರಲ್ಲಿ ಕೊಡಗು ಕಂಪನಿಯವರ ಪಾಲಾಗುವವರೆಗೆ ಒಂದು ರಾಜ್ಯವೇ ಕುಸಿಯುತ್ತ ಹೋಗುತ್ತೆ, ಆದರೂ ಮನುಷ್ಯ ದನಿ ಏರಿಸುವುದಿಲ್ಲ. ತಮ್ಮ ಮಾಲೂರು ಸೀಮೆಯ ಹಿರಿಯರು ಜಗಲಿ ಮೇಲೆ ಕೂತು ಹೇಳಿದ ಹಾಗೆ ಹೇಳಿಕೊಂಡು ಹೋಗುತ್ತಾರೆ. ಪುಸ್ತಕ ಮುಚ್ಚಿದ ಮೇಲೆ ಮಾತ್ರ ಎರಡು ದಿನ ಕಡ್ಡಿ ಮುಟ್ಟಲು ಮನಸ್ಸಾಗಲಿಲ್ಲ. ನನ್ನ ಅಳತೆಗೆ ಸಿಗದವರು ಅವರೊಬ್ಬರೇ, 1983ರ ಜ್ಞಾನಪೀಠ ಆ ಕಾದಂಬರಿಗೆ ಸುಮ್ಮನೆ ಬಂದದ್ದಲ್ಲ.

ಇನ್ನು, ಹೆಣೆಯುವವರೆಲ್ಲ ಸಾಧುಗಳು ಅಂತ ಯಾರಾದರೂ ಹೇಳಿದರೆ ಡಿಕನ್ಸ್‌ನ ‘ಎ ಟೇಲ್ ಆಫ್ ಟೂ ಸಿಟೀಸ್’ ಓದು ಅನ್ನು. ಅದರಲ್ಲಿ ಮೇಡಂ ಡಿಫಾರ್ಜ್ ಅನ್ನುವ ಹೆಂಗಸು ಅಂಗಡಿಯಲ್ಲಿ ಕೂತು ಹೆಣೆಯುತ್ತಿರುತ್ತಾಳೆ. ಯಾರ ತಲೆ ಹೋಗಬೇಕೋ ಅವರ ಹೆಸರನ್ನೇ ಹೆಣಿಗೆಯಲ್ಲಿ ಸೇರಿಸುತ್ತಿರುತ್ತಾಳೆ. ಅದನ್ನು ಓದಿದ ವಾರ ನನ್ನವಳು ನನ್ನ ಮಫ್ಲರನ್ನು ತಿರುಗಿಸಿ ಮುರುಗಿಸಿ ನೋಡಿದಳು.

ಆ ಮಫ್ಲರಿನ ಕಥೆ ನಿನಗೆ ಹೇಳಲೇಬೇಕು. ಕುಮಾರವ್ಯಾಸನನ್ನು ಓದಲು ಕೂತಾಗ ಸಾದಾ ಹೆಣಿಗೆ ಸರಿಹೋಗಲಿಲ್ಲ. ಆರು ಸಾಲಿನ ಭಾಮಿನಿ ಷಟ್ಪದಿಯ ಓಟ ನಿನಗೆ ಗೊತ್ತು: ಮೂರು ನಾಲ್ಕು, ಮೂರು ನಾಲ್ಕು, ಹದಿನಾಲ್ಕು ಮಾತ್ರೆಗೆ ಒಂದು ಸಾಲು, ಮೂರನೆಯ ಮತ್ತು ಆರನೆಯ ಸಾಲು ಮಾತ್ರ ಇಪ್ಪತ್ತಮೂರಕ್ಕೆ ಹೋಗಿ ಒಂದು ಗುರುವಿನ ಮೇಲೆ ನಿಲ್ಲುತ್ತೆ. ಬಾಯಲ್ಲಿ ಅದು, ಕೈಯಲ್ಲಿ ಬೇರೆ ಲೆಕ್ಕ ಅಂದರೆ ಎರಡೂ ತಪ್ಪುತ್ತವೆ. ಹಾಗಾದರೆ ಕೈಗೂ ಅದನ್ನೇ ಕೊಡೋಣ ಅಂತ 52 ಕುಣಿಕೆ ಏರಿಸಿದೆ: ಮೂರು ಸೀದಾ, ನಾಲ್ಕು ಉಲ್ಟಾ, ಕೊನೆಗೆ ಮೂರು ಸೀದಾ. ತಿರುಗಿಸಿದಾಗ ಮೂರು ಉಲ್ಟಾ, ನಾಲ್ಕು ಸೀದಾ. ಏಳೇಳರ ಏಳು ಗುಂಪು, ಮೇಲೆ ಮೂರು. ಎರಡೂ ಮುಖಕ್ಕೆ ಲೆಕ್ಕ ಕೂಡುತ್ತೆ. ಬಟ್ಟೆ ಪಟ್ಟೆಪಟ್ಟೆಯಾಗಿ ಎದ್ದು ಬಂತು, ರಬ್ಬರಿನ ಹಾಗೆ ಹಿಗ್ಗುತ್ತೆ, ಅಂಚೂ ಸುರುಳಿ ಸುತ್ತುವುದಿಲ್ಲ. ಜೋರಾಗಿ ಓದುತ್ತ ಹೆಣೆದೆ, ಮನೇಲಿ ಯಾರೂ ಇರಲಿಲ್ಲವಲ್ಲ. ಸಭಾಪರ್ವದಲ್ಲಿ ದ್ರೌಪದಿಯನ್ನು ಎಳೆದು ತರುವಲ್ಲಿಗೆ ಮಫ್ಲರ್ ನಿಂತಿದೆ. ಕೈ ಮುಂದಕ್ಕೆ ಹೋಗುತ್ತಿಲ್ಲ. ಹೋಗುವುದೂ ಬೇಡ ಅಂತ ಕಡ್ಡಿಯ ಸಮೇತ ಹಾಗೇ ಇಟ್ಟಿದ್ದೇನೆ.

ಗಂಡಸಿಗೇಕೆ ಇದು ಅನ್ನುವ ನಿನ್ನ ನಗುವಿಗೂ ಒಂದು ಉತ್ತರವಿದೆ. ನಮ್ಮ ಶಿರಾ ಕಡೆ ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕಂಬಳಿ ನೇಯುವವರು ಗಂಡಸರೇ. ಹೆಂಗಸರು ನೂಲುತ್ತಾರೆ, ಗಂಡಸರು ಉದ್ದದ ಎಳೆಗಳ ಹಾಸು ಹೂಡಿ, ಹುಣಸೆ ಬೀಜದ ಗಂಜಿ ಕಾಯಿಸಿ ನೂಲಿಗೆ ಸವರಿ ಒಣಗಿಸಿ ಮಗ್ಗಕ್ಕೆ ಏರಿಸುತ್ತಾರೆ. ಹುಣಸೆಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ ಬಿಡು. ಅಂಥದೊಂದು ಕರಿಕಂಬಳಿ ತಂದಿದ್ದೇನೆ. ಹೊಸದು ಮೈಗೆ ಚುಚ್ಚುತ್ತೆ, ಕುರಿವಾಸನೆ ಹೊಡೆಯುತ್ತೆ, ಆದರೆ ಧನುರ್ಮಾಸದ ಬೆಳಗಿನ ಚಳಿಗೆ ನನ್ನ ಅಕ್ರಿಲಿಕ್ ಅದರ ಮುಂದೆ ಏನೇನೂ ಅಲ್ಲ. ಒಂದು ವ್ಯತ್ಯಾಸ ಮಾತ್ರ: ಕಂಬಳಿಯಲ್ಲಿ ಉದ್ದಕ್ಕೆ ಹಾಸೂ ಇದೆ ಅಡ್ಡಕ್ಕೆ ಹೊಕ್ಕೂ ಇದೆ, ತುದಿ ಹಿಡಿದೆಳೆದರೆ ಪೂರ್ತಿ ಬಿಚ್ಚುವುದಿಲ್ಲ. ಹೆಣೆದದ್ದು ಒಂದೇ ಎಳೆ, ಬೇಡವಾದರೆ ಇಡೀ ಸ್ವೆಟರನ್ನು ಮತ್ತೆ ಉಂಡೆ ಮಾಡಬಹುದು. ಆ ಸಪ್ಪೆ ಕಾದಂಬರಿಯ ಸ್ವೆಟರಿಗೆ ಹಾಗೇ ಮಾಡಿದೆ, ನೂಲು ದಂಡವಾಗಲಿಲ್ಲ.

ಹುಬ್ಬಳ್ಳಿಯಿಂದ ಗದಗ ನಿನಗೆ ಹತ್ತಿರ. ಬಿಡುವಾದಾಗ ವೀರನಾರಾಯಣನ ಗುಡಿಗೆ ಹೋಗಿ ಕುಮಾರವ್ಯಾಸನ ಕಂಬದ ಒಂದು ಫೋಟೋ ಕಳಿಸು. ನಾರಣಪ್ಪ ಒದ್ದೆ ಬಟ್ಟೆಯಲ್ಲಿ ಕೂತು, ಅದು ಆರುವವರೆಗೆ ಪದ್ಯ ಕಟ್ಟುತ್ತಿದ್ದ ಅಂತ ಹೇಳುತ್ತಾರಲ್ಲ, ಆ ಕಂಬ. ಬರುವಾಗ ನನ್ನ ಉದ್ಯೋಗಪರ್ವದ ಸಂಪುಟ ತಗೊಂಡು ಬಾ, ನಿನ್ನ ಕಪಾಟಿನಲ್ಲೇ ಇದೆ, ಇಲ್ಲ ಅನ್ನಬೇಡ. ನಿನ್ನ ತಲೆಯ ಸುತ್ತಳತೆಯನ್ನು ಟೇಪಿನಲ್ಲಿ ಹಿಡಿದು ಇಂಚಿನಲ್ಲಿ ಬರೆ. ಮಂಕಿ ಕ್ಯಾಪ್ ಬೇಕೋ, ಬರೀ ಟೋಪಿ ಸಾಕೋ, ಅದನ್ನೂ ತಿಳಿಸು. ಬಣ್ಣ ಮಾತ್ರ ನಾನೇ ಆರಿಸುತ್ತೇನೆ.

ನಿನ್ನವನೇ ಆದ
ಗೆಳೆಯ