ನೆಲದ ಮೇಲಿನ ಹೆಸರುಗಳು

ಪ್ರೀತಿಯ ಗೆಳೆಯಾ,

ನಿನ್ನ ಕಾಗದ ಬಂತು. ಹಳೇ ಫೋಟೋ, ಪತ್ರ, ರಸೀದಿಗಳನ್ನೆಲ್ಲ ಒಂದೆಡೆ ಸೇರಿಸಿಡುವ ಆಸೆ ಇದೆ, ಆದರೆ ಅದು ಸರ್ಕಾರದವರ, ವಿದ್ವಾಂಸರ ಕೆಲಸ, ಅದಕ್ಕೆ ನಾವ್ಯಾರು ಅಂತ ಕೇಳಿದ್ದೀಯ. ಎರಡು ದಿನದಿಂದ ಆ ಪ್ರಶ್ನೆ ತಲೆ ಕೊರೀತಿದೆ. ಅದಕ್ಕೇ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಒಂದು ಬಡಾವಣೆಯ ಕಥೆ ಹೇಳ್ತೀನಿ.

ಡಿಸ್ಟ್ರಿಕ್ಟ್ ಸಿಕ್ಸ್ ಅಂದರೆ ಆರನೇ ವಾರ್ಡು. 1867ರಲ್ಲಿ ಇಟ್ಟ ಹೆಸರು. ಬಿಡುಗಡೆಯಾದ ಗುಲಾಮರು, ವ್ಯಾಪಾರಿಗಳು, ಕೂಲಿಗಳು, ಎಲ್ಲೆಲ್ಲಿಂದಲೋ ವಲಸೆ ಬಂದವರು ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕಿದ ಜಾಗ. 1966ರ ಫೆಬ್ರವರಿ 11ರಂದು ವರ್ಣಭೇದದ ಸರ್ಕಾರ ಅದನ್ನು ಬಿಳಿಯರ ಪ್ರದೇಶ ಅಂತ ಘೋಷಿಸಿತು. 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ನಗರದಾಚೆಯ ಮರಳು ಬಯಲಿಗೆ ಸಾಗಿಸಿದರು. ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು. ಚರ್ಚು, ಮಸೀದಿಗಳು ಮಾತ್ರ ಉಳಿದವು. ಸರ್ಕಾರದ ಲೆಕ್ಕದಲ್ಲಿ ಅದು ಕೊಳೆಗೇರಿ ತೆರವು, ಅಷ್ಟೇ. ಯಾವ ಮೂಲೆಯಲ್ಲಿ ಯಾರಿದ್ದರು ಅನ್ನೋದು ಆ ಜನರ ನೆನಪಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ.

ಆ ಜನರೇ ಸೇರಿ 1989ರಲ್ಲಿ ಒಂದು ಪ್ರತಿಷ್ಠಾನ ಮಾಡಿಕೊಂಡರು. 1994ರ ಡಿಸೆಂಬರ್ 10ರಂದು ಒಂದು ಹಳೇ ಮೆಥಡಿಸ್ಟ್ ಚರ್ಚಿನೊಳಗೆ ಪ್ರದರ್ಶನ ಇಟ್ಟರು. ಅದೇ ಇವತ್ತಿನ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ. ಬಾಗಿಲು ದಾಟಿದರೆ ಬೀದಿಗಳ ಹೆಸರಿನ ಫಲಕಗಳು ಸಾಲಾಗಿ ಮೇಲಿಂದ ಇಳಿಬಿದ್ದಿವೆ. ಅವು ಉಳಿದದ್ದು ಹೇಗೆ ಗೊತ್ತಾ? ಕೆಡವುವ ಕೆಲಸದ ಉಸ್ತುವಾರಿ ನೋಡಿಕೊಂಡಿದ್ದ ಒಬ್ಬ ಮನುಷ್ಯ, ಕಲ್ಲುಮಣ್ಣಿನ ಜೊತೆ ಎಸೆಯಬೇಕಿದ್ದ 75 ಫಲಕಗಳನ್ನು ಸದ್ದಿಲ್ಲದೆ ಮನೆಗೊಯ್ದು ಇಟ್ಟುಕೊಂಡಿದ್ದ. ವರ್ಷಗಳ ಮೇಲೆ, ಕೇಳಿದವರ ಕೈಗೆ ಒಪ್ಪಿಸಿದ. ಆತ ಮನಸ್ಸಲ್ಲಿ ಏನಂದುಕೊಂಡು ಅವನ್ನು ಎತ್ತಿಟ್ಟನೋ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ.

ನೆಲದ ಮೇಲೆ ಬಡಾವಣೆಯ ದೊಡ್ಡ ನಕಾಶೆ. ಬಂದ ಹಳೇ ನಿವಾಸಿಗಳು ಅದರ ಮೇಲೆ ನಡೆದು, ತಮ್ಮ ಬೀದಿ ಹುಡುಕಿ, ಮಂಡಿಯೂರಿ, ಮನೆಯಿದ್ದ ಜಾಗದಲ್ಲಿ ಮನೆತನದ ಹೆಸರು ಬರೆದರು. ಪಕ್ಕದಲ್ಲಿ ನೆರೆಯವರು ಬಂದು ತಮ್ಮದನ್ನು ಬರೆದರು. ಬಟ್ಟೆಯ ಮೇಲೂ ಹೆಸರು, ಮಾತು ಬರೆಸಿದರು. ಶಾಯಿ ಮಾಸಬಾರದು ಅಂತ ಆಮೇಲೆ ಆ ಅಕ್ಷರಗಳ ಮೇಲೆ ದಾರದಲ್ಲಿ ಕಸೂತಿ ಹಾಕಿದರು. ಆಸ್ತಿ ದಾಖಲೆಯಲ್ಲಿ ಮಾಲೀಕನ ಹೆಸರಷ್ಟೇ ಇರುತ್ತೆ ಕಣೋ. ಇಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದವಳ ಹೆಸರಿಗೂ ಜಾಗ ಸಿಕ್ಕಿತು.

ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲೂ ಕಪ್ಪು ಜನರ ದಾಖಲೆ ಸಂಗ್ರಹವೊಂದು 1981ರಲ್ಲಿ ಹೀಗೇ ಹುಟ್ಟಿತು. ಅದನ್ನೂ ಕಟ್ಟಿದ್ದು ಆ ಜನರೇ.

ನಮ್ಮಜ್ಜಿಯ ಮದುವೆಯ ಗುಂಪು ಫೋಟೋ ನನ್ನ ಹತ್ತಿರ ಇದೆ. ಹದಿನೇಳು ಜನ. ಅಜ್ಜಿ ಇದ್ದಾಗ ಒಂದು ದಿನ ಪಕ್ಕ ಕೂತು ಕೇಳಲಿಲ್ಲ. ಈಗ ನಾಲ್ಕೇ ಮುಖದ ಗುರುತು ಸಿಗುತ್ತೆ. ಎಡತುದಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಬೇರೆಯವರೆಲ್ಲ ಕ್ಯಾಮೆರಾ ನೋಡ್ತಿದ್ದರೆ ಅವಳು ಅಜ್ಜಿಯನ್ನೇ ನೋಡ್ತಿದ್ದಾಳೆ. ಅವಳು ಯಾರು ಅಂತ ಹೇಳುವವರು ಯಾರೂ ಉಳಿದಿಲ್ಲ.

ಅದಕ್ಕೇ ನೀನು ಕಟ್ಟಡ, ಕಪಾಟು ಅಂತ ಕಾಯಬೇಡ. ಈ ಭಾನುವಾರ ನಿಮ್ಮಮ್ಮನ ಜೊತೆ ಫೋಟೋ ಡಬ್ಬಿ ಬಿಚ್ಚಿಕೊಂಡು ಕೂತ್ಕೋ. ಮೊಬೈಲಲ್ಲಿ ಅವರ ಮಾತು ರೆಕಾರ್ಡ್ ಮಾಡು, ಅವರು ವಿಷಯ ಬಿಟ್ಟು ಎಲ್ಲೆಲ್ಲೋ ಹೋದರೂ ತಡೆಯಬೇಡ. ಫೋಟೋದ ಹಿಂದೆ ಮೆತ್ತನೆ ಪೆನ್ಸಿಲ್‌ನಲ್ಲಿ ಒತ್ತದೆ ಬರಿ. ಬಾಲ್‌ಪೆನ್ ಬೇಡ, ಅಚ್ಚು ಮುಂದಕ್ಕೆ ಮೂಡುತ್ತೆ. ಹರಿದದ್ದಕ್ಕೆ ಸೆಲೋ ಟೇಪ್ ಹಚ್ಚಬೇಡ, ಗುಂಡುಸೂಜಿ ಇದ್ದರೆ ತೆಗೆ, ತುಕ್ಕು ಹಿಡಿಯುತ್ತೆ. ಬೇರೆಯವರು ಕೊಟ್ಟದ್ದಾದರೆ ಯಾರು, ಯಾವತ್ತು ಕೊಟ್ಟರು ಅನ್ನೋದನ್ನ ಒಂದು ನೋಟ್‌ಬುಕ್ಕಲ್ಲಿ ಬರೆದಿಡು, ಬೇರೆಯವರಿಗೆ ತೋರಿಸಬಹುದಾ ಅಂತ ಅವರನ್ನೇ ಕೇಳಿ ಅದನ್ನೂ ಬರಿ.

ಮೊದಲ ಫೋಟೋದ ಹಿಂದೆ ಯಾರ್ಯಾರ ಹೆಸರು ಬಂತು ಅಂತ ನನಗೆ ಬರಿ. ಕಾಯ್ತಿರ್ತೀನಿ.

ನಿನ್ನ,
ಗೆಳೆಯ